ಹೊಸದಾಗಿ ಜೋಡಿಸಿದ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಎಲ್ಲಿಗೆ ಬಂದು ನಿಂತಿತು?

ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಅರ್ಧ ದಿನ ಸುತ್ತಿ, ಬೆಲೆ ವಿಚಾರಿಸಿ, ಬಿಲ್ಲುಗಳನ್ನೂ ವಾರಂಟಿ ಕಾಗದಗಳನ್ನೂ ಜೋಪಾನವಾಗಿ ಕೂಡಿಸಿಕೊಂಡು, ನಾನೂ ನನ್ನ ತಂಗಿಯ ಮಗಳೂ ಕಳೆದ ಏಪ್ರಿಲ್‌ನಲ್ಲಿ ಅವಳ ಓದಿಗೆಂದು ಒಂದು ಕಂಪ್ಯೂಟರ್‌ಗೆ ಬೇಕಾದ ಬಿಡಿಭಾಗಗಳನ್ನು ತಂದೆವು. ಹನುಮಂತನಗರದ ಅವರ ಮನೆಯ ಊಟದ ಮೇಜಿನ ಮೇಲೆ ಸಂಜೆಯೊಳಗೆ ಎಲ್ಲವನ್ನೂ ಜೋಡಿಸಿದ್ದಾಯಿತು. ಪರದೆಯ ಮೇಲೆ ಬಯಾಸ್ (ಮದರ್‌ಬೋರ್ಡ್‌ನ ಸೆಟ್ಟಿಂಗ್‌ಗಳ ಪರದೆ) ಮೂಡಿತು, ಪೆನ್‌ಡ್ರೈವ್‌ನಿಂದ ಉಬುಂಟು ಎಂಬ ಲಿನಕ್ಸ್ ವಿತರಣೆಯ ಇನ್‌ಸ್ಟಾಲರ್ ಕೂಡ ತೆರೆದುಕೊಂಡಿತು, ಆದರೆ ಇನ್‌ಸ್ಟಾಲ್ ಮಾತ್ರ ಮುಗಿಯಲಿಲ್ಲ. ಮೊದಲ ಸಲ ಫೈಲುಗಳ ನಕಲು ಅರ್ಧಕ್ಕೆ ಬಂದಾಗ ನಿಂತಿತು. ಎರಡನೆಯ ಸಲ ಕೊನೆಯ ಹಂತದವರೆಗೆ ಹೋಗಿ ಪ್ಯಾಕೇಜ್‌ಗಳನ್ನು ಸಿದ್ಧಪಡಿಸುವಾಗ ದೋಷದ ಸಂದೇಶ ತೋರಿಸಿತು. ಮೂರನೆಯ ಸಲ ಇನ್‌ಸ್ಟಾಲರ್‌ನ ಡೆಸ್ಕ್‌ಟಾಪ್ ಬರುವ ಮೊದಲೇ ಹ್ಯಾಂಗ್ ಆಯಿತು. “ಮಾಮ, ಈ ಮೆಷಿನ್‌ಗೂ ಲಿನಕ್ಸ್‌ಗೂ ಆಗಿಬರಲ್ಲ ಅನ್ಸತ್ತೆ” ಎಂದು ಅವಳು ಬೇಸರಪಟ್ಟುಕೊಂಡಳು.

ಆ ಬೇಸರ ಸಹಜವಾದದ್ದೇ. ಆದರೆ ಮೂರು ಸಲವೂ ಬೇರೆ ಬೇರೆ ಕಡೆ ನಿಂತಿತು ಎಂಬ ಸಂಗತಿಯಲ್ಲೇ ಅರ್ಧ ಉತ್ತರ ಅಡಗಿತ್ತು. ಇನ್‌ಸ್ಟಾಲ್ ಕೆಟ್ಟಾಗ ನಾವು ಸಾಮಾನ್ಯವಾಗಿ “ಏನು ತಪ್ಪಾಯಿತು” ಎಂದು ಕೇಳಿಕೊಳ್ಳುತ್ತೇವೆ. ಅದಕ್ಕಿಂತ ಮೊದಲು ಕೇಳಬೇಕಾದದ್ದು “ಎಲ್ಲಿಯವರೆಗೆ ಬಂದು ನಿಂತಿತು, ಪ್ರತಿ ಸಲವೂ ಅಲ್ಲೇ ನಿಲ್ಲುತ್ತಿದೆಯೇ” ಎಂಬುದು.

ಈಗಾಗಲೇ ವಿಂಡೋಸ್ ನಡೆಸುತ್ತಿರುವ ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕುವಾಗ ಯಂತ್ರ ಸರಿಯಾಗಿದೆ ಎಂಬುದು ಗೊತ್ತಿರುತ್ತದೆ, ಆದ್ದರಿಂದ ಸಂಶಯವೆಲ್ಲ ಸಾಫ್ಟ್‌ವೇರ್ ಮೇಲೆ ಹೋಗುವುದು ನ್ಯಾಯ. ಮನೆಯಲ್ಲೇ ಜೋಡಿಸಿದ ಹೊಸ ಯಂತ್ರದ ವಿಷಯ ಹಾಗಲ್ಲ. ಅದರ ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಯಾವುದೂ ಒಂದರ ಜೊತೆ ಇನ್ನೊಂದು ಸೇರಿ ಅದುವರೆಗೆ ಒಂದು ಗಂಟೆಯಾದರೂ ದುಡಿದಿರುವುದಿಲ್ಲ, ಮತ್ತು ಇನ್‌ಸ್ಟಾಲರ್ ಎಂಬುದು ಅವೆಲ್ಲವನ್ನೂ ಒಟ್ಟಿಗೆ ದುಡಿಸುವ ಮೊದಲ ಕೆಲಸವಾಗಿರುತ್ತದೆ. ಹಾಗಾಗಿ ಹಾರ್ಡ್‌ವೇರ್‌ನ ದೋಷವೂ ಲಿನಕ್ಸ್‌ನ ದೋಷದ ವೇಷದಲ್ಲೇ ಕಾಣಿಸಿಕೊಳ್ಳುತ್ತದೆ.

ಪವರ್ ಬಟನ್ ಒತ್ತಿದಾಗಿನಿಂದ ನಡೆಯುವುದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದೀವಟಿಗೆ ಸಾಗಿಸಿದಂಥ ಕೆಲಸ. ಮದರ್‌ಬೋರ್ಡ್‌ನಲ್ಲಿರುವ ಯುಇಎಫ್‌ಐ ಎಂಬ ಫರ್ಮ್‌ವೇರ್, ಅಂದರೆ ಬೋರ್ಡ್‌ನಲ್ಲೇ ಅಡಕವಾದ ತಂತ್ರಾಂಶ (ರೂಢಿಯಲ್ಲಿ ಇದನ್ನೂ ಬಯಾಸ್ ಎನ್ನುತ್ತಾರೆ), ಮೊದಲು ಎದ್ದು ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್‌ಗಳನ್ನು ಪರೀಕ್ಷಿಸುತ್ತದೆ. ಅದು ಪೆನ್‌ಡ್ರೈವ್‌ನಲ್ಲಿರುವ ಗ್ರಬ್ ಎಂಬ ಬೂಟ್‌ಲೋಡರ್ ಅನ್ನು ಕರೆಯುತ್ತದೆ. ಗ್ರಬ್ ಲಿನಕ್ಸ್‌ನ ತಿರುಳಾದ ಕರ್ನಲ್ ಅನ್ನೂ ಒಂದು ತಾತ್ಕಾಲಿಕ ಫೈಲ್ ವ್ಯವಸ್ಥೆಯನ್ನೂ ರ‍್ಯಾಮ್‌ಗೆ ತುಂಬುತ್ತದೆ. ಕರ್ನಲ್ ಹಾರ್ಡ್‌ವೇರ್‌ಗಳನ್ನು ಗುರುತಿಸಿ ಇನ್‌ಸ್ಟಾಲರ್ ಅನ್ನು ತೆರೆಯುತ್ತದೆ. ಇನ್‌ಸ್ಟಾಲರ್ ಎಸ್‌ಎಸ್‌ಡಿಯನ್ನು ಪಾಲು ಮಾಡಿ, ಫೈಲುಗಳನ್ನು ಬರೆದು, ಮುಂದಿನ ಸಲ ಎಲ್ಲಿಂದ ಏಳಬೇಕು ಎಂಬುದನ್ನು ಮತ್ತೆ ಯುಇಎಫ್‌ಐಗೇ ತಿಳಿಸಿ ಮುಗಿಸುತ್ತದೆ. ದೀವಟಿಗೆ ಯಾರ ಕೈಯಲ್ಲಿ ಆರಿತು ಎಂದು ತಿಳಿದರೆ ಹುಡುಕಬೇಕಾದ ಜಾಗ ಬಹಳ ಚಿಕ್ಕದಾಗುತ್ತದೆ.

ಪರದೆಯ ಮೇಲೆ ಏನೂ ಮೂಡದಿದ್ದರೆ ಅದು ಲಿನಕ್ಸ್‌ನ ವಿಷಯವೇ ಅಲ್ಲ. ಪ್ರೊಸೆಸರ್‌ಗೆ ವಿದ್ಯುತ್ ಕೊಡುವ ಎಂಟು ಪಿನ್ನಿನ ಕೇಬಲ್ ಮದರ್‌ಬೋರ್ಡ್‌ನ ಮೇಲ್ತುದಿಯಲ್ಲಿ ಕೂತಿದೆಯೇ, ಮಾನಿಟರ್‌ನ ಕೇಬಲ್ ಗ್ರಾಫಿಕ್ಸ್ ಕಾರ್ಡ್‌ಗೆ ಹೋಗಿದೆಯೇ ಅಥವಾ ತಪ್ಪಿ ಮದರ್‌ಬೋರ್ಡ್‌ಗೆ ಹೋಗಿದೆಯೇ ಎಂದು ನೋಡಬೇಕು. ಹೆಸರಿನ ಕೊನೆಗೆ ಎಫ್ ಅಕ್ಷರವಿರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ, ಆದ್ದರಿಂದ ಮದರ್‌ಬೋರ್ಡ್‌ನ ಎಚ್‌ಡಿಎಂಐ ರಂಧ್ರದಿಂದ ಚಿತ್ರ ಬರುವುದೇ ಇಲ್ಲ. ಡಿಡಿಆರ್5 ರ‍್ಯಾಮ್ ಇರುವ ಯಂತ್ರ ಮೊದಲ ಸಲ ಎದ್ದಾಗ ರ‍್ಯಾಮ್‌ನ ವೇಗ ಮತ್ತು ಸಮಯಗಳನ್ನು ತಾನೇ ಹೊಂದಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುವುದುಂಟು. ಆ ಹೊತ್ತಿನಲ್ಲಿ ಗಾಬರಿಯಾಗಿ ಸ್ವಿಚ್ ಆಫ್ ಮಾಡಿದರೆ ಕೆಲಸ ಮೊದಲಿನಿಂದ ಶುರುವಾಗುತ್ತದೆ. ಈಗಿನ ಅನೇಕ ಮದರ್‌ಬೋರ್ಡ್‌ಗಳ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಪುಟ್ಟ ದೀಪಗಳಿರುತ್ತವೆ, ಯಾವುದು ಆರದೆ ಉಳಿಯುತ್ತದೆಯೋ ತೊಂದರೆ ಅಲ್ಲಿದೆ.

ಚಿತ್ರ ಬಂದು ಪೆನ್‌ಡ್ರೈವ್ ಮಾತ್ರ ಏಳದಿದ್ದರೆ, ಅಥವಾ ಎದ್ದ ಸ್ವಲ್ಪ ಹೊತ್ತಿಗೆ ಸ್ಕ್ವಾಷ್‌ಎಫ್‌ಎಸ್ ದೋಷವೆಂದೋ ಇನ್‌ಪುಟ್ ಔಟ್‌ಪುಟ್ ದೋಷವೆಂದೋ ಬಂದರೆ, ಮೊದಲು ಅನುಮಾನಿಸಬೇಕಾದದ್ದು ಪೆನ್‌ಡ್ರೈವ್ ಅನ್ನು. ಇನ್‌ಸ್ಟಾಲರ್ ಇಡಿಯಾಗಿ ಅಡಕವಾಗಿರುವ ಐಎಸ್‌ಒ ಫೈಲನ್ನು ಡೌನ್‌ಲೋಡ್ ಮಾಡಿದ ಮೇಲೆ ಅದರ ಬೆರಳಚ್ಚಿನಂಥ ಎಸ್‌ಎಚ್‌ಎ256 ಮೊತ್ತವನ್ನು ವಿತರಣೆಯವರು ಪ್ರಕಟಿಸಿದ ಮೊತ್ತದೊಂದಿಗೆ ಹೋಲಿಸುವುದು ಎರಡು ನಿಮಿಷದ ಕೆಲಸ, ಆದರೂ ಬಹುತೇಕರು ಬಿಟ್ಟುಬಿಡುವುದು ಇದನ್ನೇ. ಐಎಸ್‌ಒ ಫೈಲನ್ನು ಮಾಮೂಲಿ ಫೈಲಿನಂತೆ ಎಳೆದು ಪೆನ್‌ಡ್ರೈವ್‌ಗೆ ಹಾಕಿದರೆ ಅದು ಏಳುವುದಿಲ್ಲ. ರೂಫಸ್ ಅಥವಾ ಎಚರ್‌ನಂಥ ತಂತ್ರಾಂಶದಿಂದ ಬರೆಯಬೇಕು. ಒಂದು ಪೆನ್‌ಡ್ರೈವ್ ಎರಡು ಸಲ ಕೈಕೊಟ್ಟರೆ ಬೇರೆ ಪೆನ್‌ಡ್ರೈವ್‌ಗೆ ಬರೆದು ಕ್ಯಾಬಿನೆಟ್‌ನ ಮುಂದಿನ ಪೋರ್ಟ್ ಬಿಟ್ಟು ಹಿಂದಿನ ಪೋರ್ಟ್‌ಗೆ ಸಿಕ್ಕಿಸಿ ನೋಡುವುದು ಲೇಸು, ಏಕೆಂದರೆ ಹಿಂದಿನವು ಮದರ್‌ಬೋರ್ಡ್‌ಗೇ ಬೆಸೆದಿರುತ್ತವೆ, ಮುಂದಿನವು ನಡುವೆ ಒಂದು ಕೇಬಲ್ ಅನ್ನು ನೆಚ್ಚಿಕೊಂಡಿರುತ್ತವೆ.

ಸೆಕ್ಯೂರ್ ಬೂಟ್ ಬಗ್ಗೆ ಒಂದು ಮಾತು. ಸಹಿ ಇಲ್ಲದ ಬೂಟ್‌ಲೋಡರ್ ಅನ್ನು ಏಳಗೊಡದ ಈ ವ್ಯವಸ್ಥೆಯನ್ನು ಕಂಡ ಕೂಡಲೇ ಆಫ್ ಮಾಡಬೇಕೆಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಅದು ಸಂಪೂರ್ಣ ಸರಿಯಲ್ಲ. ಉಬುಂಟು, ಫೆಡೋರಾ, ಡೆಬಿಯನ್ ವಿತರಣೆಗಳ ಬೂಟ್‌ಲೋಡರ್‌ಗೆ ಮೈಕ್ರೋಸಾಫ್ಟ್‌ನ ಸಹಿ ಪಡೆದ ಶಿಮ್ ಎಂಬ ಪುಟ್ಟ ಪ್ರೋಗ್ರಾಮ್ ಮುನ್ನುಡಿಯಾಗಿರುವುದರಿಂದ ಅವು ಸೆಕ್ಯೂರ್ ಬೂಟ್ ಇದ್ದಾಗಲೂ ಏಳುತ್ತವೆ. ಆರ್ಚ್‌ನ ಐಎಸ್‌ಒ ಹಾಗೆ ಏಳುವುದಿಲ್ಲ. ಎನ್‌ವಿಡಿಯಾ ಡ್ರೈವರ್ ಹಾಕುವಾಗ ಪಾಸ್‌ವರ್ಡ್ ಒಂದನ್ನು ಕೇಳಿ, ಮರುಪ್ರಾರಂಭದಲ್ಲಿ ನೀಲಿ ಪರದೆಯೊಂದನ್ನು ತೋರಿಸುವುದು ಈ ಸಹಿಯ ಸಲುವಾಗಿಯೇ. ಅದನ್ನು ದೋಷವೆಂದು ಭಾವಿಸಿ ದಾಟಿಸಿಬಿಟ್ಟರೆ ಡ್ರೈವರ್ ಕೆಲಸ ಮಾಡುವುದಿಲ್ಲ.

ಗ್ರಬ್‌ನ ಪಟ್ಟಿ ಕಾಣಿಸಿ, ಎಂಟರ್ ಒತ್ತಿದ ಮೇಲೆ ಪರದೆ ಕಪ್ಪಾಗಿ ಉಳಿದರೆ, ಆರಿದ್ದು ಕರ್ನಲ್‌ನ ಕೈಯಲ್ಲಿ, ಅದೂ ಹೆಚ್ಚಾಗಿ ಗ್ರಾಫಿಕ್ಸ್ ವಿಷಯದಲ್ಲಿ. ಕರ್ನಲ್ ತಾನೇ ಗ್ರಾಫಿಕ್ಸ್ ಕಾರ್ಡ್‌ನ ಹಿಡಿತ ತೆಗೆದುಕೊಂಡು ಪರದೆಯ ಅಳತೆಯನ್ನು ನಿಗದಿ ಮಾಡಲು ಹೋಗುತ್ತದೆ, ಕಾರ್ಡ್ ಅದಕ್ಕೆ ಹೊಸದಾಗಿದ್ದರೆ ಅಲ್ಲೇ ಎಡವುತ್ತದೆ. ಗ್ರಬ್ ಪಟ್ಟಿಯಲ್ಲಿ ಇನ್‌ಸ್ಟಾಲ್ ಸಾಲಿನ ಮೇಲೆ ನಿಂತು ಇಂಗ್ಲಿಷಿನ ‘ಇ’ ಕೀ ಒತ್ತಿದರೆ ಕೆಲವು ಸಾಲುಗಳ ಬರಹ ತೆರೆದುಕೊಳ್ಳುತ್ತದೆ. ಅದರಲ್ಲಿ ಲಿನಕ್ಸ್ ಎಂಬ ಪದದಿಂದ ಶುರುವಾಗುವ ಸಾಲು ಒಂದಿರುತ್ತದೆ. ಆ ಸಾಲಿನಲ್ಲಿ ‘ಕ್ವೈಟ್ ಸ್ಪ್ಲಾಶ್’ ಎಂಬ ಎರಡು ಪದಗಳನ್ನು ಅಳಿಸಿ, ಅದೇ ಜಾಗದಲ್ಲಿ ‘ನೋಮೋಡ್‌ಸೆಟ್’ ಎಂಬುದನ್ನು ನಡುವೆ ಜಾಗ ಬಿಡದೆ ಒಂದೇ ಪದವಾಗಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆದು, ಎಫ್10 ಒತ್ತಬೇಕು. ಅಳಿಸಿದ ಎರಡು ಪದಗಳು ಕರ್ನಲ್‌ನ ಬಾಯಿ ಕಟ್ಟಿದ್ದವು. ಈಗ ಅದು ಮಾಡುವ ಪ್ರತಿ ಕೆಲಸವೂ ಬಿಳಿ ಅಕ್ಷರಗಳಲ್ಲಿ ಮೇಲಕ್ಕೆ ಸರಿಯುತ್ತ ಹೋಗುತ್ತದೆ, ಮತ್ತೆ ನಿಂತರೂ ಕೊನೆಯ ಸಾಲು ಕಣ್ಣ ಮುಂದೆ ಉಳಿಯುತ್ತದೆ. ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ ಅನ್ವಯಿಸುವುದರಿಂದ ಏನೂ ಕೆಡುವುದಿಲ್ಲ.

ಹಾಗೆ ಎದ್ದರೂ, ಅದು ಪರಿಹಾರವಲ್ಲ, ಒಳಗೆ ಬರಲು ಸಿಕ್ಕಿದ ಬಾಗಿಲು ಅಷ್ಟೆ. ನಿಜವಾದ ಕಾರಣ ಬಹಳ ಸಲ ಕರ್ನಲ್‌ನ ವಯಸ್ಸು. 2023ರ ಜೂನ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 12ರಲ್ಲಿರುವುದು 6.1 ಕರ್ನಲ್, ಅಂದರೆ 2022ರ ಡಿಸೆಂಬರ್‌ನದು. 2025ರಲ್ಲಿ ಮಾರುಕಟ್ಟೆಗೆ ಬಂದ ಗ್ರಾಫಿಕ್ಸ್ ಕಾರ್ಡ್‌ನ ಪರಿಚಯ ಅದಕ್ಕಿರಲು ಸಾಧ್ಯವಿಲ್ಲ. ಸ್ಥಿರತೆಗೆ ಹೆಸರಾದ ಹಳೆಯ ಆವೃತ್ತಿಯೇ ಒಳ್ಳೆಯದೆಂದು ಹಿರಿಯರು ಹೇಳುವ ಮಾತು ಹಳೆಯ ಯಂತ್ರಗಳಿಗೆ ಒಪ್ಪುತ್ತದೆ. ಈ ವರ್ಷದ ಬಿಡಿಭಾಗಗಳಿಂದ ಕಟ್ಟಿದ ಯಂತ್ರಕ್ಕೆ ಈ ವರ್ಷದ ಆವೃತ್ತಿಯೇ ಹೆಚ್ಚು ಸ್ಥಿರ ಎಂಬುದು ನನ್ನ ಖಚಿತ ಅಭಿಪ್ರಾಯ. ವೈಫೈ ಕಾಣದಿರುವುದಕ್ಕೂ ಇದೇ ಕಾರಣವಿರಬಹುದು. ಆಗ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿದರೆ, ಲಿನಕ್ಸ್ ಅದನ್ನು ತಂತಿ ಸಂಪರ್ಕವೆಂದೇ ತಿಳಿದು ಇಂಟರ್ನೆಟ್ ಪಡೆಯುತ್ತದೆ, ಬೇಕಾದ ಫರ್ಮ್‌ವೇರ್ ಅನ್ನು ಅದರಿಂದಲೇ ಇಳಿಸಿಕೊಳ್ಳಬಹುದು.

ಇಲ್ಲಿ ಕನ್ನಡದ ಓದುಗರಿಗೆ ಒಂದು ಸೂಚನೆ ಸಲ್ಲುತ್ತದೆ. ಡೆಬಿಯನ್ ಇನ್‌ಸ್ಟಾಲರ್ ಅನ್ನು ಕನ್ನಡದಲ್ಲೇ ನಡೆಸಬಹುದು, ಅದು ಸಂತೋಷದ ವಿಷಯ. ಆದರೆ ಒತ್ತಕ್ಷರ, ಗುಣಿತಗಳನ್ನು ಮೂಡಿಸಲು ಅದಕ್ಕೆ ಗ್ರಾಫಿಕಲ್ ಪರದೆ ಬೇಕು; ಗ್ರಾಫಿಕ್ಸ್ ಕೈಕೊಟ್ಟು ಬರಿಯ ಅಕ್ಷರಗಳ ಪರದೆಗೆ ಇಳಿಯಬೇಕಾಗಿ ಬಂದಾಗ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಕಾಣುವುದಿಲ್ಲ. ಅದು ಯಂತ್ರದ ದೋಷವಲ್ಲ. ಇನ್‌ಸ್ಟಾಲ್ ಮುಗಿದ ಮೇಲೆ ಡೆಸ್ಕ್‌ಟಾಪ್‌ನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿಕೊಳ್ಳಬಹುದು.

ಇನ್‌ಸ್ಟಾಲರ್ ಚೆನ್ನಾಗಿ ತೆರೆದು, ಎಸ್‌ಎಸ್‌ಡಿಯೇ ಪಟ್ಟಿಯಲ್ಲಿ ಇಲ್ಲದಿದ್ದರೆ ಮತ್ತೆ ಬಯಾಸ್‌ಗೆ ಮರಳಬೇಕು. ಇಂಟೆಲ್ ಬೋರ್ಡ್‌ಗಳಲ್ಲಿ ವಿಎಂಡಿ ಅಥವಾ ಆರ್‌ಎಸ್‌ಟಿ ಎಂಬ ಆಯ್ಕೆ ಆನ್ ಇದ್ದರೆ ಡಿಸ್ಕ್, ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ರೇಡ್ ವ್ಯವಸ್ಥೆಯ ಹಿಂದೆ ಮರೆಯಾಗಿ ಇನ್‌ಸ್ಟಾಲರ್‌ಗೆ ಕಾಣದಿರಬಹುದು; ಹೊಸ ಯಂತ್ರದಲ್ಲಿ ವಿಂಡೋಸ್ ಇಲ್ಲದ ಕಾರಣ ಅದನ್ನು ನಿಶ್ಚಿಂತೆಯಿಂದ ಆಫ್ ಮಾಡಬಹುದು. ಬಯಾಸ್‌ನಲ್ಲೂ ಡಿಸ್ಕ್ ಕಾಣದಿದ್ದರೆ ಮದರ್‌ಬೋರ್ಡ್‌ನ ಕೈಪಿಡಿ ತೆರೆಯಬೇಕಾಗುತ್ತದೆ, ಏಕೆಂದರೆ ಎಷ್ಟೋ ಬೋರ್ಡ್‌ಗಳಲ್ಲಿ ಎಸ್‌ಎಸ್‌ಡಿ ಕೂರಿಸುವ ಒಂದು ಎಂ.2 ಸ್ಲಾಟ್ ತುಂಬಿದರೆ ಡಿಸ್ಕ್‌ನ ಕೇಬಲ್ ಸಿಕ್ಕಿಸುವ ಒಂದೆರಡು ಸಾಟಾ ಪೋರ್ಟ್‌ಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ, ಆ ವಿಷಯ ಕೈಪಿಡಿಯ ಯಾವುದೋ ಅಡಿಟಿಪ್ಪಣಿಯಲ್ಲಿ ಇರುತ್ತದೆ.

ಜನರನ್ನು ಅತಿ ಹೆಚ್ಚು ಕಂಗೆಡಿಸುವುದು ಕೊನೆಯ ಹಂತ, ಎಲ್ಲವೂ ಮುಗಿಯಿತು ಎನ್ನುವಾಗ ಗ್ರಬ್ ಅನ್ನು ಬರೆಯಲಾಗಲಿಲ್ಲ ಎಂದು ಬರುವ ಸಂದೇಶ, ಅಥವಾ ಎಲ್ಲವೂ ಸರಿಯಾಗಿ ಮುಗಿದು ಪೆನ್‌ಡ್ರೈವ್ ತೆಗೆದು ಮರುಪ್ರಾರಂಭಿಸಿದಾಗ ಬೂಟ್ ಆಗಬಲ್ಲ ಡಿಸ್ಕ್ ಇಲ್ಲವೆಂದು ಹೇಳುವ ಕಪ್ಪು ಪರದೆ. ಇದನ್ನು ಅರ್ಥ ಮಾಡಿಕೊಳ್ಳಲು ಯಂತ್ರ ಏಳುವುದಕ್ಕೆ ಎರಡು ರೀತಿಗಳಿವೆ ಎಂಬುದು ತಿಳಿದಿರಬೇಕು. ಹಳೆಯ ಬಯಾಸ್ ರೀತಿಯಲ್ಲಿ ಫರ್ಮ್‌ವೇರ್ ಡಿಸ್ಕ್‌ನ ಮೊಟ್ಟಮೊದಲ ಸೆಕ್ಟರ್‌ನಲ್ಲಿರುವ 512 ಬೈಟ್‌ಗಳನ್ನು ಓದಿ ಅಲ್ಲಿಂದ ಮುಂದುವರಿಯುತ್ತದೆ. ಯುಇಎಫ್‌ಐ ರೀತಿಯಲ್ಲಿ ಅದು ಡಿಸ್ಕ್‌ನಲ್ಲಿ ಇಎಸ್‌ಪಿ ಎಂಬ ಪ್ರತ್ಯೇಕ ಪಾಲನ್ನು ಹುಡುಕುತ್ತದೆ. ಆ ಪಾಲು ಸಾಮಾನ್ಯವಾಗಿ ಫ್ಯಾಟ್32 ಮಾದರಿಯಲ್ಲಿರುತ್ತದೆ, ಕೆಲವು ನೂರು ಎಂಬಿ ಇದ್ದರೆ ಸಾಕು, ಬೂಟ್‌ಲೋಡರ್ ಅದರಲ್ಲಿ ಮಾಮೂಲಿ ಫೈಲಿನಂತೆ ಕೂತಿರುತ್ತದೆ. ಜೊತೆಗೆ ಮದರ್‌ಬೋರ್ಡ್‌ನ ನೆನಪಿನಲ್ಲಿ “ಇಂಥ ಡಿಸ್ಕ್‌ನ ಇಂಥ ಫೈಲಿನಿಂದ ಏಳು” ಎಂಬ ನಮೂದು ಇರುತ್ತದೆ.

ತೊಂದರೆ ಹುಟ್ಟುವುದು ಈ ಎರಡು ರೀತಿಗಳು ಬೆರೆತಾಗ. ಬೋರ್ಡ್‌ನಲ್ಲಿ ಸಿಎಸ್‌ಎಂ ಎಂಬ ಹಳೆಯ ರೀತಿಯ ಆಯ್ಕೆ ಆನ್ ಇದ್ದರೆ ಬೂಟ್ ಪಟ್ಟಿಯಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಿಸುತ್ತದೆ, ಒಂದರ ಹಿಂದೆ ಯುಇಎಫ್‌ಐ ಎಂದಿರುತ್ತದೆ, ಇನ್ನೊಂದರ ಹಿಂದೆ ಇರುವುದಿಲ್ಲ. ಅವಸರದಲ್ಲಿ ಎರಡನೆಯದನ್ನು ಆರಿಸಿದರೆ ಇನ್‌ಸ್ಟಾಲರ್ ಹಳೆಯ ರೀತಿಯಲ್ಲೇ ಏಳುತ್ತದೆ, ಹಳೆಯ ರೀತಿಯಲ್ಲೇ ಬೂಟ್‌ಲೋಡರ್ ಬರೆಯುತ್ತದೆ, ಆಮೇಲೆ ಯುಇಎಫ್‌ಐ ಬಂದು ತನಗೆ ಬೇಕಾದ ಫೈಲನ್ನು ಹುಡುಕಿ ಕಾಣದೆ ನಿಲ್ಲುತ್ತದೆ. ಯಾವ ರೀತಿಯಲ್ಲಿ ಎದ್ದಿದ್ದೇವೆ ಎಂಬುದನ್ನು ಟರ್ಮಿನಲ್‌ನಲ್ಲಿ ನೋಡಬಹುದು: ಮೂಲದಲ್ಲಿರುವ ‘ಸಿಸ್’ ಫೋಲ್ಡರ್‌ನ ಒಳಗೆ ‘ಫರ್ಮ್‌ವೇರ್’, ಅದರ ಒಳಗೆ ‘ಇಎಫ್‌ಐ’ ಎಂಬ ಫೋಲ್ಡರ್ ಇದ್ದರೆ ಯುಇಎಫ್‌ಐ, ಇಲ್ಲದಿದ್ದರೆ ಹಳೆಯ ರೀತಿ. ಹೊಸ ಯಂತ್ರದಲ್ಲಿ ಸಿಎಸ್‌ಎಂ ಅನ್ನು ಆಫ್ ಮಾಡಿ, ಡಿಸ್ಕ್ ಅನ್ನು ಪೂರ್ತಿ ಅಳಿಸಿ, ಜಿಪಿಟಿ ಎಂಬ ಹೊಸ ಮಾದರಿಯಲ್ಲಿ ಪಾಲು ಮಾಡಿಸುವುದೇ ಸರಳ ದಾರಿ. ಎಂಬಿಆರ್ ಎಂಬ ಹಳೆಯ ಮಾದರಿಗೆ ಸಾಮಾನ್ಯ ಡಿಸ್ಕ್‌ನಲ್ಲಿ 2 ಟಿಬಿಯಾಚೆಗಿನ ಜಾಗ ನಿಲುಕುವುದೂ ಇಲ್ಲ.

ಹಳೆಯ ಕಂಪ್ಯೂಟರ್‌ನಿಂದ ತೆಗೆದ ಡಿಸ್ಕ್ ಒಂದನ್ನು ಫೋಟೋಗಳಿಗಾಗಿ ಹೊಸದರಲ್ಲೂ ಜೋಡಿಸಿದ್ದರೆ ಇನ್ನೊಂದು ತೊಡಕಿದೆ. ಅದರಲ್ಲಿ ಹಿಂದಿನ ಇಎಸ್‌ಪಿ ಉಳಿದಿದ್ದರೆ ಬೂಟ್‌ಲೋಡರ್ ಹೊಸ ಎಸ್‌ಎಸ್‌ಡಿಗೆ ಹೋಗುವ ಬದಲು ಅಲ್ಲಿಗೆ ಸೇರಿಬಿಡುವುದುಂಟು, ಆ ಡಿಸ್ಕ್ ತೆಗೆದ ದಿನ ಹೊಸ ಲಿನಕ್ಸ್ ಏಳುವುದಿಲ್ಲ. ಇನ್‌ಸ್ಟಾಲ್ ಮುಗಿಯುವವರೆಗೆ ಹಳೆಯ ಡಿಸ್ಕ್‌ನ ಕೇಬಲ್ ಕಳಚಿಡುವುದು ಅತ್ಯಂತ ಖಚಿತವಾದ ಉಪಾಯ. ಫೋಟೋಗಳು ಅಳಿಸಿಹೋಗುವ ಭಯವೂ ಅದರಿಂದ ತಪ್ಪುತ್ತದೆ. ಫೈಲುಗಳೆಲ್ಲ ಸರಿಯಾಗಿದ್ದು ನಮೂದು ಮಾತ್ರ ಕಳೆದುಹೋಗಿದ್ದರೆ ಮತ್ತೆ ಇನ್‌ಸ್ಟಾಲ್ ಮಾಡಬೇಕಿಲ್ಲ. ಪೆನ್‌ಡ್ರೈವ್‌ನಿಂದ ಎದ್ದು, ಎಸ್‌ಎಸ್‌ಡಿಯಲ್ಲಿರುವ ವ್ಯವಸ್ಥೆಯನ್ನು ಮೌಂಟ್ ಮಾಡಿ, ಸಿಎಚ್‌ರೂಟ್ ಮೂಲಕ ಅದರೊಳಗೆ ಹೊಕ್ಕು ಗ್ರಬ್ ಅನ್ನು ಇನ್ನೊಮ್ಮೆ ಬರೆಸಿದರೆ ಸಾಕು.

ಇದುವರೆಗೆ ಹೇಳಿದ ತೊಂದರೆಗಳಿಗೆಲ್ಲ ಒಂದು ಸಮಾನ ಗುಣವಿದೆ. ಅವು ಹತ್ತು ಸಲ ಮಾಡಿದರೂ ಹತ್ತು ಸಲವೂ ಒಂದೇ ಕಡೆ ನಿಲ್ಲುತ್ತವೆ, ಏಕೆಂದರೆ ತಪ್ಪು ಆಯ್ಕೆಯಾಗಲಿ, ಇಲ್ಲದ ಡ್ರೈವರ್ ಆಗಲಿ, ಕೆಟ್ಟ ಐಎಸ್‌ಒ ಆಗಲಿ ಪ್ರತಿ ಸಲವೂ ಒಂದೇ ಬಗೆಯಲ್ಲಿ ತಪ್ಪಾಗಿರುತ್ತದೆ. ಹನುಮಂತನಗರದ ಯಂತ್ರ ಹಾಗಿರಲಿಲ್ಲ. ಬೇರೆ ಬೇರೆ ಕಡೆ, ಬೇರೆ ಬೇರೆ ಸಂದೇಶ ಕೊಟ್ಟು ನಿಲ್ಲುತ್ತಿದ್ದರೆ ಸಾಫ್ಟ್‌ವೇರ್ ಅನ್ನು ಬಿಟ್ಟು ರ‍್ಯಾಮ್, ವಿದ್ಯುತ್, ಶಾಖ ಈ ಮೂರನ್ನು ನೋಡಬೇಕು, ಅದರಲ್ಲೂ ರ‍್ಯಾಮ್ ಅನ್ನು ಮೊದಲು.

ರ‍್ಯಾಮ್‌ನ ದೋಷ ಡಿಸ್ಕ್‌ನ ದೋಷದಂತೆ ಏಕೆ ಕಾಣುತ್ತದೆ? ಇನ್‌ಸ್ಟಾಲರ್‌ನ ಫೈಲುಗಳೆಲ್ಲ ಪೆನ್‌ಡ್ರೈವ್‌ನಲ್ಲಿ ಒತ್ತಿ ಕಟ್ಟಿದ ಗಂಟಿನಂತಿರುತ್ತವೆ. ಅವನ್ನು ರ‍್ಯಾಮ್‌ಗೆ ತಂದು, ಅಲ್ಲಿ ಬಿಚ್ಚಿ, ಎಸ್‌ಎಸ್‌ಡಿಗೆ ಬರೆಯಬೇಕು. ನಮ್ಮ 32 ಜಿಬಿ ರ‍್ಯಾಮ್‌ನಲ್ಲಿ ಸುಮಾರು 27,500 ಕೋಟಿ ಬಿಟ್‌ಗಳಿವೆ. ಒಂದೇ ಒಂದು ಬಿಟ್ ಸೊನ್ನೆಯಿಂದ ಒಂದಾಗಿ ಮಗುಚಿಕೊಂಡರೂ ಆ ಗಂಟು ಬಿಚ್ಚುವುದಿಲ್ಲ, ಇನ್‌ಸ್ಟಾಲರ್ ಫೈಲೇ ಕೆಟ್ಟಿದೆ ಎಂದು ವರದಿ ಮಾಡುತ್ತದೆ. ಪ್ರತಿ ಸಲ ಆ ಕೆಟ್ಟ ಜಾಗಕ್ಕೆ ಬೇರೆ ಫೈಲು ಬಂದು ಕೂರುವುದರಿಂದ ದೂರು ಪ್ರತಿ ಸಲವೂ ಬೇರೆ. ಬ್ರೌಸರ್ ನೋಡುವಾಗ ಇದೇ ದೋಷ ವಾರಗಟ್ಟಲೆ ಗೊತ್ತಾಗದೆ ಇರಬಹುದು.

ನಾವು ಕೊಂಡಿದ್ದು 6000 ವೇಗದ ಡಿಡಿಆರ್5 ಜೋಡಿ. ಡಬ್ಬದ ಮೇಲೆ ಬರೆದ ಆ ವೇಗ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಪ್ರೊಫೈಲ್ ಆನ್ ಮಾಡಿದರೆ ಮಾತ್ರ ಸಿಗುವಂಥದ್ದು, ಏನೂ ಆನ್ ಮಾಡದಿದ್ದರೆ ನಮ್ಮ ಜೋಡಿ 4800ರಲ್ಲಿ ನಡೆಯುತ್ತದೆ. ಹುಡುಗಿ ಜೋಡಣೆ ಮುಗಿದ ಕೂಡಲೇ ಪ್ರೊಫೈಲ್ ಆನ್ ಮಾಡಿದ್ದಳು, ಅದರಲ್ಲಿ ತಪ್ಪೇನಿಲ್ಲ, ಎಲ್ಲರೂ ಮಾಡುವುದೇ. ಮೆಮ್‌ಟೆಸ್ಟ್86 ಪ್ಲಸ್ ಎಂಬ ಉಚಿತ ಪರೀಕ್ಷಕವನ್ನು ಇನ್ನೊಂದು ಪೆನ್‌ಡ್ರೈವ್‌ಗೆ ಬರೆದು, ಸೆಕ್ಯೂರ್ ಬೂಟ್ ಅನ್ನು ಅಷ್ಟು ಹೊತ್ತಿಗೆ ಆಫ್ ಮಾಡಿ ಓಡಿಸಿದೆವು. ನೀಲಿ ಪರದೆಯ ಮೇಲೆ ಏಳು ನಿಮಿಷ ಏನೂ ಆಗಲಿಲ್ಲ. ಎಂಟನೆಯ ನಿಮಿಷಕ್ಕೆ ಕೆಳಭಾಗದಲ್ಲಿ ಕೆಂಪು ಸಾಲೊಂದು ಮೂಡಿತು, ಅದರ ಕೆಳಗೆ ಇನ್ನೊಂದು, ಆಮೇಲೆ ಸಾಲುಸಾಲಾಗಿ.

ಅಲ್ಲಿಂದ ಮುಂದೆ ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮ ಬಿಡಲಿಲ್ಲ. ಮೊದಲು ರ‍್ಯಾಮ್‌ನ ಎರಡೂ ಕಡ್ಡಿಗಳನ್ನು ತೆಗೆದು, ಪ್ರೊಸೆಸರ್‌ನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳಲ್ಲೇ ಇವೆಯೇ ಎಂದು ನೋಡಿ, ಕೊಕ್ಕೆ ಟಕ್ ಎನ್ನುವವರೆಗೆ ಒತ್ತಿ ಕೂರಿಸಿದೆವು. ಕೆಂಪು ಸಾಲು ಹೋಗಲಿಲ್ಲ. ಪ್ರೊಫೈಲ್ ಆಫ್ ಮಾಡಿ 4800ಕ್ಕೆ ಇಳಿಸಿದಾಗ ಒಂದು ಪೂರ್ಣ ಸುತ್ತು ಸ್ವಚ್ಛವಾಗಿ ಮುಗಿಯಿತು. ಬಳಿಕ ಪ್ರೊಫೈಲ್ ಮತ್ತೆ ಆನ್ ಮಾಡಿ ಒಂದೊಂದೇ ಕಡ್ಡಿಯನ್ನು ಒಂದೇ ಸ್ಲಾಟ್‌ನಲ್ಲಿ ಪರೀಕ್ಷಿಸಿದಾಗ ಒಂದು ಕಡ್ಡಿ ಶುದ್ಧವಾಗಿತ್ತು, ಇನ್ನೊಂದು ಹತ್ತು ನಿಮಿಷದೊಳಗೆ ಕೆಂಪಾಯಿತು. ಸ್ಲಾಟ್ ಬದಲಾಯಿಸಿದರೂ ಅದೇ ಕಡ್ಡಿ ಕೆಂಪಾದ್ದರಿಂದ ಮದರ್‌ಬೋರ್ಡ್‌ನ ಮೇಲಿನ ಅನುಮಾನ ಬಹುಮಟ್ಟಿಗೆ ಕಳೆಯಿತು.

ನಡುವೆ ಒಂದು ಸಲ ಗುಡುಗು ಮಳೆಗೆ ಕರೆಂಟ್ ಹೋಯಿತು. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಬೆಂಗಳೂರಿನಲ್ಲಿ ಇದು ನಿರೀಕ್ಷಿತವೇ, ಆದ್ದರಿಂದಲೇ ಯುಪಿಎಸ್ ಇಲ್ಲದೆ ಬಯಾಸ್ ಅಪ್‌ಡೇಟ್‌ಗೆ ಕೈಹಾಕಬಾರದು: ಬರೆಯುವ ನಡುವೆ ಕರೆಂಟ್ ಹೋದರೆ ಫರ್ಮ್‌ವೇರ್ ಅರ್ಧವಾಗಿ ಉಳಿದು, ಪೆನ್‌ಡ್ರೈವ್‌ನಿಂದ ಬಯಾಸ್ ಅನ್ನು ಮತ್ತೆ ಬರೆಸುವ ಫ್ಲ್ಯಾಶ್‌ಬ್ಯಾಕ್ ಸೌಲಭ್ಯವಿಲ್ಲದ ಬೋರ್ಡ್ ಏಳದೇ ಹೋಗಬಹುದು. ನಮ್ಮದು ಬರಿಯ ಪರೀಕ್ಷೆಯಾದ್ದರಿಂದ ಮತ್ತೆ ಶುರು ಮಾಡಿದರೆ ಸಾಕಾಯಿತು. ಆದರೆ ಕರೆಂಟ್ ಹೋದಾಗ ಇನ್ನೊಂದು ನಷ್ಟವೂ ಆಗುತ್ತದೆ. ಇನ್‌ಸ್ಟಾಲರ್ ತನ್ನ ಕೆಲಸದ ದಾಖಲೆಯನ್ನು ‘ವಾರ್’ ಫೋಲ್ಡರ್‌ನ ‘ಲಾಗ್’ ಒಳಗೆ ಬರೆಯುತ್ತಿರುತ್ತದೆ, ಪೆನ್‌ಡ್ರೈವ್‌ನಿಂದ ಎದ್ದಾಗ ಆ ಫೋಲ್ಡರ್ ಇರುವುದು ರ‍್ಯಾಮ್‌ನಲ್ಲಿ, ಯಂತ್ರ ಆಫ್ ಆದರೆ ಎಲ್ಲವೂ ಅಳಿಸಿಹೋಗುತ್ತದೆ. ಇನ್‌ಸ್ಟಾಲ್ ಕೆಟ್ಟ ಕೂಡಲೇ ರೀಸ್ಟಾರ್ಟ್ ಮಾಡದೆ ಆ ಫೈಲುಗಳನ್ನು ಇನ್ನೊಂದು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಬೇಕು. ಅದಾಗದಿದ್ದರೆ ಕಂಟ್ರೋಲ್, ಆಲ್ಟ್, ಎಫ್2 ಒಟ್ಟಿಗೆ ಒತ್ತಿ ತೆರೆಯುವ ಕನ್ಸೋಲ್‌ನಲ್ಲಿ ‘ಡಿಮೆಸೇಜ್’ ಆಜ್ಞೆಯ ಕೊನೆಯ ಸಾಲುಗಳನ್ನು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಬೇಕು. ಅದೇ ಆಜ್ಞೆಯನ್ನು ಇಂಗ್ಲಿಷಿನಲ್ಲಿ ಡಿ, ಎಂ, ಇ, ಎಸ್, ಜಿ ಎಂದು ಬರೆಯುತ್ತಾರೆ. ಬೇರೆಯವರ ಸಹಾಯ ಕೇಳುವಾಗ “ಇನ್‌ಸ್ಟಾಲ್ ಆಗ್ತಿಲ್ಲ” ಎಂಬ ಮಾತಿಗಿಂತ ಆ ಸಾಲುಗಳು, ಮದರ್‌ಬೋರ್ಡ್‌ನ ಮಾದರಿ, ಬಯಾಸ್‌ನ ಆವೃತ್ತಿ, ಎಷ್ಟು ಸಲ ಪ್ರಯತ್ನಿಸಿದಾಗ ಎಲ್ಲೆಲ್ಲಿ ನಿಂತಿತು ಎಂಬ ವಿವರ, ಇವು ನೂರು ಪಾಲು ಉಪಯುಕ್ತ.

ಕೆಂಪು ಸಾಲುಗಳಿದ್ದ ಪರದೆಯ ಫೋಟೋವನ್ನೂ, ಒಳ್ಳೆಯ ಕಡ್ಡಿಯ ಸ್ವಚ್ಛ ಪರದೆಯ ಫೋಟೋವನ್ನೂ ಅಕ್ಕಪಕ್ಕ ಇಟ್ಟು, ಬಿಲ್ಲಿನ ಸಮೇತ ಸೋಮವಾರ ಅಂಗಡಿಗೆ ಹೋದೆವು. ಅಂಗಡಿಯವರು ತಮ್ಮ ಬೋರ್ಡ್ ಒಂದರಲ್ಲಿ ಹಾಕಿ ಒಮ್ಮೆ ನೋಡಿ, ಒಂದೇ ಕಡ್ಡಿಯನ್ನು ಬದಲಿಸದೆ ಜೋಡಿಯನ್ನೇ ಬದಲಿಸಿಕೊಟ್ಟರು. ಎರಡು ಕಡ್ಡಿಗಳು ಒಟ್ಟಿಗೆ ಪರೀಕ್ಷೆಯಾಗಿ ಬಂದವಾಗಿರಬೇಕು, ಬಿಡಿಬಿಡಿಯಾಗಿ ಕೂಡಿಸಿದರೆ ಮತ್ತೆ ಇದೇ ಪಾಡು ಬರಬಹುದು ಎಂಬುದು ಅವರ ಮಾತು, ಅದು ಸರಿಯಾದದ್ದೇ. ಹೊಸ ಜೋಡಿಯನ್ನು ಆ ರಾತ್ರಿಯೆಲ್ಲ ಮೆಮ್‌ಟೆಸ್ಟ್‌ಗೆ ಬಿಟ್ಟು ಮಲಗಿದೆವು. ಬೆಳಿಗ್ಗೆ ಕಾಫಿ ಹಿಡಿದು ಬಂದು ನೋಡಿದಾಗ ದೋಷಗಳ ಎಣಿಕೆಯ ಜಾಗದಲ್ಲಿ ಸೊನ್ನೆ ಇತ್ತು. ಅದೇ ಪೆನ್‌ಡ್ರೈವ್, ಅದೇ ಐಎಸ್‌ಒ ಇಟ್ಟುಕೊಂಡು ಅವಳೇ ಇನ್‌ಸ್ಟಾಲ್‌ಗೆ ಕೂತಳು, ಲೋಟ ಖಾಲಿಯಾಗಿ ಸ್ವಲ್ಪ ಹೊತ್ತಿಗೆ ಲಾಗಿನ್ ಪರದೆ ಬಂದಿತ್ತು.